ಗಂಡನ ಕೈ, ತಮ್ಮನ ಕಿವಿ

ನಮ್ಮ ಯಜಮಾನರ ಬಲಗೈ ನಾರಿನ ಮಿಲ್ಲಿನ ಡ್ರಮ್ಮಿಗೆ ಸಿಕ್ಕಿದಾಗ ಸ್ವಿಚ್ಚಿನ ಹತ್ತಿರ ನಿಂತಿದ್ದವನು ನನ್ನ ಒಡಹುಟ್ಟಿದ ತಮ್ಮ. ಇಷ್ಟು ಹೇಳಿದರೆ ಕೇಳಿದವರು ಬೇರೆ ಮಾತು ತೆಗೆಯುತ್ತಾರೆ. ಹೆಂಗಸರು ಮಾತ್ರ, "ಈಗ ಒಬ್ರಿಗೊಬ್ರು ಬಂದು ಹೋಗಿ ಮಾಡ್ತಾರಾ?" ಎನ್ನುತ್ತಾರೆ. ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು. ಅದಕ್ಕೇ ಮೊದಲಿಂದ ಹೇಳುತ್ತೇನೆ.

ನಾನು ಮದ್ದೂರಿನ ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಟೀಚರು. ಯಜಮಾನರು ಯಲಿಯೂರಿನವರು, ಮಂಡ್ಯದಲ್ಲಿ ಐಟಿಐ ಫಿಟ್ಟರ್ ಓದಿದವರು. ಮದುವೆಯಾದ ಮೇಲೆ ನನ್ನ ಶಾಲೆಗೂ ಅವರ ಕೆಲಸಕ್ಕೂ ಅನುಕೂಲವೆಂದು ಮದ್ದೂರಿನಲ್ಲಿ ಒಂದು ಮಹಡಿಮನೆಯನ್ನು ಬಾಡಿಗೆಗೆ ಹಿಡಿದೆವು. ಮದ್ದೂರಿನಲ್ಲಿ ಎಳನೀರಿನ ವ್ಯಾಪಾರ ಎಷ್ಟಿದೆಯೋ ಸಿಪ್ಪೆಯ ರಾಶಿಯೂ ಅಷ್ಟೇ ಇದೆ. ಊರಾಚೆ ತಗಡಿನ ಶೀಟು ಹೊದಿಸಿದ ಒಂದು ಮಿಲ್ಲಿನಲ್ಲಿ ಆ ಸಿಪ್ಪೆಯನ್ನೂ ತೆಂಗಿನ ಮಟ್ಟೆಯನ್ನೂ ಜಜ್ಜಿ ನಾರು ತೆಗೆಯುತ್ತಿದ್ದರು. ಅಲ್ಲಿನ ಯಂತ್ರ ಕೆಟ್ಟರೆ ಸರಿಮಾಡುವವರು ನಮ್ಮ ಯಜಮಾನರು. ಸಂಜೆ ಮನೆಗೆ ಬಂದಾಗ ತಲೆ, ಹುಬ್ಬು, ಕಿವಿಯೊಳಗೆಲ್ಲ ಕಂದು ಪುಡಿ ತುಂಬಿರುತ್ತಿತ್ತು. ಎಷ್ಟು ತೊಳೆದರೂ ದಿಂಬಿನ ಮೇಲೆ ಅದರ ಕಲೆ ಉಳಿಯುತ್ತಿತ್ತು.

ತಮ್ಮನನ್ನು ಆ ಮಿಲ್ಲಿಗೆ ಸೇರಿಸಿದವರೂ ಅವರೇ. ನನ್ನ ತವರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಇದ್ದ ಗದ್ದೆಯನ್ನು ನೋಡಿಕೊಂಡಿದ್ದಳು. ಪಿಯುಸಿಗೆ ಓದು ನಿಲ್ಲಿಸಿದ ತಮ್ಮ ಅಲ್ಲಿ ಇಲ್ಲಿ ಕೆಲಸ ಮಾಡಿ, ಯಾವುದೂ ಒಗ್ಗದೆ ಊರಲ್ಲೇ ಕೂತಿದ್ದ. "ನಮ್ ಮಿಲ್ಗೆ ಬಾರ್ಲಾ, ನಾನಿರ್ತೀನಲ್ಲ," ಎಂದು ಯಜಮಾನರು ಕರೆದುಕೊಂಡು ಬಂದರು. ಅವನು ನಮ್ಮ ಮನೆಯಲ್ಲೇ ಉಳಿದ. ಹಾಲ್‌ನಲ್ಲಿ ಮಲಗುತ್ತಿದ್ದ. ಬೆಳಿಗ್ಗೆ ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿ, ಸಂಜೆ ಒಂದೇ ಬಣ್ಣದವರಾಗಿ ಬರುತ್ತಿದ್ದರು. ಭಾನುವಾರ ಕೋಳಿ ತಂದು ಅವರೇ ಸಾರು ಮಾಡುತ್ತಿದ್ದರು, ನನ್ನನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಖಾರ ಹೆಚ್ಚಾಯಿತೆಂದು ಇವನು ಅವರನ್ನು ಬೈಯುವುದು, ಅವರು ಇವನನ್ನು ಬೈಯುವುದು. ನನಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ಮನೆ ಎಂದರೆ ಹೀಗಿರಬೇಕು ಎಂದು ನನಗೆ ಅನಿಸಿದ್ದು ಆ ಒಂದು ವರ್ಷ ಮಾತ್ರ.

ಮಿಲ್ಲಿನ ಮುಖ್ಯ ಯಂತ್ರವೆಂದರೆ ಡ್ರಮ್ಮು. ಮೈತುಂಬ ಕಬ್ಬಿಣದ ಹಲ್ಲುಗಳಿರುವ ಉರುಳೆ. ಜಜ್ಜಿದ ಮಟ್ಟೆಯನ್ನು ಬಾಚಿ ಬಾಚಿ ನಾರು ಬಿಡಿಸುತ್ತದೆ. ಹಲ್ಲು ಸವೆದಾಗ ಯಂತ್ರ ನಿಲ್ಲಿಸಿ, ಮೇಲಿನ ಮುಚ್ಚಳ ತೆಗೆದು ಹೊಸ ಹಲ್ಲನ್ನು ಬೋಲ್ಟು ಹಾಕಿ ಬಿಗಿಯಬೇಕು. ಒಂದು ಸಾಲು ಬಿಗಿದಾದ ಮೇಲೆ ಡ್ರಮ್ಮನ್ನು ಒಂದಿಷ್ಟು ತಿರುಗಿಸಿದರೆ ಮುಂದಿನ ಸಾಲು ಮೇಲಕ್ಕೆ ಬರುತ್ತದೆ. ಕೈಯಲ್ಲಿ ತಿರುಗಿಸಲು ಅದು ಭಾರ, ನಾರು ಬೇರೆ ಸುತ್ತಿಕೊಂಡಿರುತ್ತದೆ. ಹಾಗಾಗಿ ಯಜಮಾನರು ದೂರ ಸರಿದು "ಆಕು" ಎಂದು ಕೂಗುವುದು, ಗೋಡೆಯ ಬಳಿ ನಿಂತವನು ಸ್ವಿಚ್ಚನ್ನು ಹಾಗೆ ಹಾಕಿ ಹೀಗೆ ತೆಗೆಯುವುದು. ಡ್ರಮ್ಮು ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಇವರು ಮತ್ತೆ ಬಗ್ಗಿ ಕೆಲಸಕ್ಕೆ ತೊಡಗುತ್ತಿದ್ದರು. ಸ್ವಿಚ್ಚಿಗೂ ಡ್ರಮ್ಮಿಗೂ ನಡುವೆ ಮಟ್ಟೆಯ ರಾಶಿ ಆಳೆತ್ತರ ಬಿದ್ದಿರುತ್ತಿತ್ತು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಪಕ್ಕದಲ್ಲೇ ಇನ್ನೊಂದು ಯಂತ್ರ ಓಡುತ್ತಿರುತ್ತಿತ್ತು. ಎರಡನ್ನೂ ಒಟ್ಟಿಗೆ ನಿಲ್ಲಿಸಲು ಓನರ್ ಒಪ್ಪುತ್ತಿರಲಿಲ್ಲ. ಹೀಗೆ ಕೂಗಿನ ಮೇಲೆಯೇ ಅಲ್ಲಿನ ರಿಪೇರಿ ನಡೆಯುತ್ತಿತ್ತು.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಇಬ್ಬರ ಬಾಯಿಂದಲೂ ತಿಳಿದದ್ದು.

ಅವತ್ತು ಶಾಲೆಯಲ್ಲಿ ಮಕ್ಕಳು ಊಟಕ್ಕೆ ಕೂತಿದ್ದರು. ನಾನು ಐದು ತಿಂಗಳ ಬಸುರಿ. ಸಾಂಬಾರಿನ ವಾಸನೆ ಆಗುತ್ತಿರಲಿಲ್ಲವಾದ್ದರಿಂದ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ತಮ್ಮನ ಫೋನು ಬಂತು. "ಅಕ್ಕ," ಎಂದ. ಮತ್ತೆ "ಅಕ್ಕ" ಎಂದ. ಅಷ್ಟೇ. ಹಿಂದೆ ಗಾಡಿಯ ಸದ್ದು, ಯಾರೋ ನರಳುವುದು ಕೇಳಿಸುತ್ತಿತ್ತು. ಆಮೇಲೆ ಬೇರೆ ಯಾರೋ ಫೋನು ಇಸಿದುಕೊಂಡು, "ಮೇಡಮ್ಮೋರೆ, ಒಸಿ ಮಂಡ್ಯ ಆಸ್ಪತ್ರೆಗೆ ಬಂದ್ಬುಡಿ, ನಿಮ್ ಯಜಮಾನ್ರಿಗೆ ಕೈಗೆ ಏಟಾಗದೆ," ಎಂದರು. ಕೈಗೆ ಏಟು ಅಂದಾಗ ನಾನು ನಿಜಕ್ಕೂ ನಿಟ್ಟುಸಿರು ಬಿಟ್ಟೆ. ಮೂಳೆ ಮುರಿದಿರಬಹುದು, ಕಟ್ಟು ಹಾಕುತ್ತಾರೆ ಅಂದುಕೊಂಡೆ. ಬಸ್ಸಿನಲ್ಲಿ ಕೂತು, ರಜೆ ಎಷ್ಟು ಉಳಿದಿದೆ, ಅವರಿಗೆ ಯಾರು ಸ್ನಾನ ಮಾಡಿಸಬೇಕು ಎಂದೆಲ್ಲ ಯೋಚಿಸುತ್ತಾ ಹೋದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ತಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅಂಗಿಯ ಮುಂಭಾಗವೆಲ್ಲ ರಕ್ತ ಒಣಗಿ, ಅದರ ಮೇಲೆ ನಾರಿನ ಪುಡಿ ಅಂಟಿತ್ತು. ನನ್ನನ್ನು ಕಂಡರೂ ಏಳಲಿಲ್ಲ. ನಾನು ಮುಟ್ಟಿದಾಗ ತಲೆಯೆತ್ತಿ, "ಆಕು ಅಂದ್ರು ಕಣಕ್ಕ, ನನ್ ಕಿವಿಯಾರೆ ಕೇಳ್ದೆ. ಆಕು ಅಂದ್ರು," ಎಂದ. ಏನು, ಯಾರು ಎಂದು ನನಗೆ ತಿಳಿಯಲಿಲ್ಲ. ಅವನು ಅದನ್ನೇ ಹೇಳುತ್ತಿದ್ದ. ನಾನು ಅವನನ್ನು ದಾಟಿಕೊಂಡು ಒಳಗೆ ಹೋದೆ.

ಬಾಗಿಲಲ್ಲೇ ಮಿಲ್ ಓನರ್ ನನ್ನನ್ನು ತಡೆದರು. ಅವರು ಕೆಟ್ಟವರೆಂದು ನಾವು ಅಲ್ಲಿಯವರೆಗೆ ಎಂದೂ ಅಂದುಕೊಂಡಿರಲಿಲ್ಲ. ನನ್ನ ಸೀಮಂತಕ್ಕೆ ಸೀರೆ ಕೊಡುತ್ತೇನೆಂದು ಹೇಳಿದ್ದವರು. ತಗ್ಗಿದ ದನಿಯಲ್ಲಿ ಹೇಳಿದರು: "ನೋಡವ್ವ, ಮಿಲ್ಲಲ್ಲಾಯ್ತು ಅಂದ್ರೆ ಪೋಲೀಸ್ನೋರು ಬತ್ತಾರೆ. ಸ್ವಿಚ್ ಆಕ್ದೋನ್ಯಾರು ಅಂತಾರೆ. ಮೊದ್ಲು ಬರೋದು ನಿನ್ ತಮ್ಮನ ಎಸ್ರೇ. ಮನೇಲಿ ಮೇವು ಕತ್ತರ್ಸೋ ಮಿಷನ್ಗೆ ಸಿಕ್ತು ಅಂದ್ಬುಡಿ. ಮಿಕ್ಕಿದ್ದು ನಾನ್ ನೋಡ್ಕತೀನಿ."

ಒಳಗೆ ಯಜಮಾನರಿಗೆ ಎಚ್ಚರವಿತ್ತು. ಮುಖ ಬೂದಿಯ ಹಾಗೆ ಆಗಿತ್ತು. ಕೈ ಎಂದು ಹೇಳಬಹುದಾದದ್ದನ್ನು ಬಟ್ಟೆಯಲ್ಲಿ ಮುಚ್ಚಿದ್ದರು. ಆ ಬಟ್ಟೆ ನಮ್ಮ ಮನೆಯ ಟವೆಲ್ಲು, ತಮ್ಮ ದಿನಾ ತಲೆಗೆ ಕಟ್ಟಿಕೊಂಡು ಹೋಗುತ್ತಿದ್ದದ್ದು. ಓನರ್ ಅವರಿಗೂ ಮೊದಲೇ ಹೇಳಿದ್ದರೆಂದು ಕಾಣುತ್ತದೆ. ಡಾಕ್ಟರು ಬಂದು ಹೇಗಾಯಿತೆಂದು ಕೇಳಿದಾಗ ಅವರು ನನ್ನ ಮುಖ ನೋಡಿದರು. ಬಾಗಿಲಾಚೆ ನೆಲದ ಮೇಲೆ ಚಾಚಿಕೊಂಡಿದ್ದ ತಮ್ಮನ ಕಾಲು ಅವರಿಗೂ ಕಾಣುತ್ತಿತ್ತು. "ಮನೇಲಿ ಸಾ. ಮೇವಿನ ಮಿಷನ್ನು," ಎಂದರು.

ಡಾಕ್ಟರು ಚಿಮಟದಿಂದ ಗಾಯದೊಳಗಿನ ಕಂದು ಎಳೆಗಳನ್ನು ಒಂದೊಂದಾಗಿ ಎಳೆದು ತಟ್ಟೆಗೆ ಹಾಕುತ್ತಿದ್ದರು. ತಲೆಯೆತ್ತದೆ ಕೇಳಿದರು: "ನಿಮ್ಮ ಹಸು ತೆಂಗಿನ ನಾರು ತಿನ್ನುತ್ತೇನಪ್ಪಾ?"

ಉತ್ತರಕ್ಕೆ ಕಾಯದೆ ಇನ್ನೊಂದು ಎಳೆಗೆ ಚಿಮಟ ಹಾಕಿದರು. ಮಹಡಿಮನೆಯ ಬಾಡಿಗೆದಾರರಾದ ನಮಗೆ ಹಸುವೂ ಇರಲಿಲ್ಲ, ಹಸು ಕಟ್ಟುವ ಜಾಗವೂ ಇರಲಿಲ್ಲ. ಮೇವಿನ ಮಿಷನ್ನು ಎಂಬ ಆ ಒಂದು ಮಾತಿನಿಂದ ತಮ್ಮ ಪೋಲೀಸ್ ಸ್ಟೇಷನ್ ಮೆಟ್ಟಿಲು ಹತ್ತದೆ ಉಳಿದ. ಅದೇ ಮಾತಿನಿಂದ ಮುಂದೆ ಯಾವ ಕಚೇರಿಯಲ್ಲೂ ನಾವು ಪರಿಹಾರವೆಂದು ಏನನ್ನೂ ಕೇಳುವ ಹಾಗಾಗಲಿಲ್ಲ. ಮಿಕ್ಕಿದ್ದು ನೋಡಿಕೊಳ್ಳುತ್ತೇನೆ ಎಂದವರು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುವವರೆಗೆ ನೋಡಿಕೊಂಡರು.

ಮಣಿಕಟ್ಟಿಗಿಂತ ಸ್ವಲ್ಪ ಮೇಲಕ್ಕೆ ಕೈ ತೆಗೆದರು.

ಮನೆಗೆ ಬಂದ ಮೇಲೆ ಮೊದಲ ಕಷ್ಟ ಎದುರಾದದ್ದು ತಟ್ಟೆಯ ಮುಂದೆ. ಹುಟ್ಟಿದಾಗಿನಿಂದ ಮುದ್ದೆ ಉಂಡವರು. ಮುದ್ದೆ ಮುರಿಯುವುದು, ಬೆರಳಲ್ಲಿ ಉಂಡೆ ಮಾಡುವುದು, ಸಾರಿನಲ್ಲಿ ಹೊರಳಿಸುವುದು, ನುಂಗುವುದು, ಇದನ್ನೆಲ್ಲ ಬಲಗೈ ತನ್ನಷ್ಟಕ್ಕೆ ಮಾಡುತ್ತಿತ್ತು. ಎಡಗೈಗೆ ಅದು ಬಾರದು. ಮುದ್ದೆ ಬೆರಳಿಗೆಲ್ಲ ಮೆತ್ತಿಕೊಳ್ಳುತ್ತಿತ್ತು. ತಟ್ಟೆ ಜಾರಿ ಹೋಗುತ್ತಿತ್ತು, ಹಿಡಿದುಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ಎಡಗೈಯಲ್ಲಿ ಉಣ್ಣುವುದೆಂದರೆ ನಮ್ಮ ಕಡೆ ಹೇಸಿಗೆ. ಚಮಚ ಕೊಟ್ಟೆ. "ಮುದ್ದೆನ ಸ್ಪೂನಲ್ಲಿ ಉಂಡೋರ ನೀ ನೋಡಿದ್ದೀಯ?" ಎಂದು ಪಕ್ಕಕ್ಕಿಟ್ಟರು. ಕೊನೆಗೆ ನಾನೇ ಮುರಿದು, ಅದ್ದಿ, ಬಾಯಿಗೆ ಇಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದರು. ಕೆಲವು ದಿನಗಳ ಮೇಲೆ "ಮುದ್ದೆ ಮಾಡ್ಬ್ಯಾಡ, ಅನ್ನ ಮಾಡು" ಎಂದರು. ಆಮೇಲೆ ನಮ್ಮ ಮನೆಯಲ್ಲಿ ಬಹಳ ಕಾಲ ರಾಗಿ ಬೀಸಿಸಲಿಲ್ಲ.

ಇಲ್ಲದ ಕೈ ಇದ್ದ ಕೈಗಿಂತ ಹೆಚ್ಚು ಕಾಡಿತು. ಇದ್ದಕ್ಕಿದ್ದಂತೆ ಎಚ್ಚರಗೊಂಡು, "ಎಬ್ಬೆರಳು ಕಡೀತದೆ ಕಣೆ," ಎನ್ನುತ್ತಿದ್ದರು. ಎಲ್ಲಿ ಕೆರೆಯಬೇಕು? ಮೊಂಡುಗೈಯ ತುದಿಯನ್ನು ನಾನು ನೀವುತ್ತಿದ್ದೆ. "ಅಲ್ಲಲ್ಲ, ಇನ್ನೂ ಮುಂದಕ್ಕೆ," ಎನ್ನುತ್ತಿದ್ದರು. ಮುಂದಕ್ಕೆ ಚಾದರವಿತ್ತು.

ನಡೆದದ್ದನ್ನು ಅವರು ನನಗೆ ಒಂದೇ ಸಲ ಹೇಳಿದರು. ಮೂರು ಸಾಲು ಹಲ್ಲು ಬಿಗಿದಾಗಿತ್ತು. ನಾಲ್ಕನೆಯದಕ್ಕೆ ಬೋಲ್ಟು ಬಿಗಿಯುವಾಗ ಸ್ಪಾನರು ಜಾರಿ ಡ್ರಮ್ಮಿನ ಕೆಳಗೆ ಬಿತ್ತು. ತೆಗೆಯೋಣ ಎಂದು ಮೊಣಕೈಯ ತನಕ ಕೈ ಇಳಿಸಿದರು. ಬಹಳ ಹೊತ್ತಾಯಿತಲ್ಲ, ಅವನು ಸಾಲು ಮುಗಿಯಿತು ಅಂದುಕೊಂಡಾನು ಎಂದು ಗೋಡೆಯ ಕಡೆಗೆ ಕೂಗಿದರು. "ಆಕ್ಬ್ಯಾಡ ಕಣ್ಲಾ ಅಂದೆ. ಜೋರಾಗೇ ಅಂದೆ."

ತಮ್ಮನಿಗೆ ಕೇಳಿಸಿದ್ದು "ಆಕು". ಆಮೇಲಿನದನ್ನು ಪಕ್ಕದ ಯಂತ್ರದ ಸದ್ದು ನುಂಗಿತು. ಬೆಳಿಗ್ಗೆಯಿಂದ ಮೂರು ಸಲ ಅದೇ ಮಾತು ಕೇಳಿ ಸ್ವಿಚ್ ಹಾಕಿದವನು ನಾಲ್ಕನೆಯ ಸಲವೂ ಹಾಕಿದ. ನಮ್ಮ ಮಾತಿನಲ್ಲಿ ಬೇಡ ಅನ್ನುವುದು ಕೊನೆಗೆ ಬರುತ್ತದೆ. ಮಕ್ಕಳಿಗೆ ಕನ್ನಡ ಕಲಿಸುವವಳು ನಾನು, ಇದನ್ನು ಎಂದೂ ಯೋಚಿಸಿರಲಿಲ್ಲ.

ತಮ್ಮ ಆಸ್ಪತ್ರೆಯಿಂದ ನೇರ ಪೂರಿಗಾಲಿಗೆ ಹೋದವನು ನಮ್ಮ ಮನೆಗೆ ಬರಲಿಲ್ಲ. ಅವನ ಎರಡು ಅಂಗಿ ಹಾಲ್‌ನ ಮೊಳೆಯಲ್ಲಿ ನೇತಾಡುತ್ತಿದ್ದವು. ಒಗೆದು ಮಡಿಸಿ ಬ್ಯಾಗಿಗೆ ಹಾಕಿಟ್ಟೆ. ಊರಿಗೆ ಕಳಿಸಲೇ ಎಂದು ಯಜಮಾನರನ್ನು ಕೇಳಿದೆ. "ಇರ್ಲಿ ಬುಡು," ಎಂದರು. ಅದು ಬರಲಿ ಎಂಬ ಅರ್ಥವೋ, ಆ ಮಾತೇ ಬೇಡ ಎಂಬ ಅರ್ಥವೋ ತಿಳಿಯಲಿಲ್ಲ. ಒಂದು ದಿನವೂ ಅವನನ್ನು ಅವರು ಬೈಯಲಿಲ್ಲ. ನೆರೆಯವರು ಬಂದು, "ನಿಮ್ ಬಾಮೈದ ಅಷ್ಟೂ ನೋಡ್ಬಾರ್ದಾ," ಎಂದರೆ ಎದ್ದು ಒಳಗೆ ಹೋಗುತ್ತಿದ್ದರು.

ಏಳು ತಿಂಗಳಾದ ಮೇಲೆ ವಾಡಿಕೆಯಂತೆ ಹೆರಿಗೆಗೆ ಅವ್ವನ ಮನೆಗೆ ಹೋದೆ. ಗಂಡನನ್ನು ಯಲಿಯೂರಿನ ಅತ್ತೆಯ ಹತ್ತಿರ ಬಿಟ್ಟು ಬಸ್ಸು ಹತ್ತಿದೆ. ಪೂರಿಗಾಲಿಯಲ್ಲಿ ಬಸ್ಸಿಳಿದಾಗ ಹೊತ್ತು ಮುಳುಗಿತ್ತು. ಮನೆಯೊಳಗೆ ದೀಪ ಇರಲಿಲ್ಲ, ಕರೆಂಟು ಹೋಗಿದೆ ಅಂದುಕೊಂಡೆ. ಅಕ್ಕಪಕ್ಕದ ಮನೆಗಳಲ್ಲಿ ದೀಪ ಉರಿಯುತ್ತಿತ್ತು. ಹೊಸ್ತಿಲು ದಾಟಿ ಸ್ವಿಚ್ ಒತ್ತಿದರೆ ತಮ್ಮ ನಡುಮನೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಬೆಳಕಿಗೆ ಕಣ್ಣು ಕಿರಿದು ಮಾಡಿ, "ಬಂದ್ಯಾ ಅಕ್ಕ," ಎಂದ.

ಅವ್ವ ಹಿತ್ತಿಲಿಗೆ ಕರೆದುಕೊಂಡು ಹೋಗಿ ಹೇಳಿದಳು. "ಸ್ವಿಚ್ಚು ಅನ್ನೋದ್ನೇ ಮುಟ್ಟಾಕಿಲ್ಲ ಕಣವ್ವ. ಗದ್ದೆ ಮೋಟ್ರೂ ನಾನೇ ಓಗಿ ಆಕ್ಬೇಕು. ನಾ ಒಲ್ದಿಂದ ಬರಗಂಟ ಕತ್ಲಲ್ಲೇ ಕುಂತಿರ್ತನೆ. ಯಾರಾದ್ರೂ ಕೂಗುದ್ರೆ ಬೆಚ್ಬೀಳ್ತನೆ. ದೇವ್ರಿಗೂ ಓಗಿದ್ದಾಯ್ತು, ಮಂತ್ರ ಆಕ್ಸಿದ್ದಾಯ್ತು."

"ಡಾಕ್ಟ್ರಿಗೆ ತೋರ್ಸವ್ವ," ಎಂದೆ.

"ಏನಂತ ತೋರ್ಸ್ಲಿ? ಅವ್ನ್ ಮೈಯಾಗೆ ಒಂದ್ ಗಾಯ ಇಲ್ಲ."

ಮಗಳು ಹುಟ್ಟಿದಳು. ಸುದ್ದಿ ಕೇಳಿ ಯಜಮಾನರು ಬಂದರು. ಅವರು ಬರುವರೆಂದು ತಿಳಿದ ಕೂಡಲೇ ತಮ್ಮ ಬೆಳಿಗ್ಗೆಯೇ ಗದ್ದೆಯ ಕಡೆ ಹೋಗಿ, ಅವರು ಹೊರಡುವ ತನಕ ತಿರುಗಿ ಬರಲಿಲ್ಲ. ಯಜಮಾನರು ತೊಟ್ಟಿಲ ಹತ್ತಿರ ನಿಂತು ನೋಡಿದರು. ಎತ್ತಿಕೊಳ್ಳಿ ಎಂದು ಕೊಡಹೋದರೆ ಹಿಂದಕ್ಕೆ ಸರಿದು, "ಬ್ಯಾಡ, ಜಾರ್ತದೆ. ನೀನೇ ಇಡ್ಕೊ," ಎಂದರು. ಅವ್ವ ಕೊಟ್ಟ ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಬಸ್‌ಸ್ಟಾಪಿನ ಕಲ್ಲಿನ ಮೇಲೆ ಒಬ್ಬರೇ ಕೂತಿದ್ದರೆಂದು ಆಮೇಲೆ ಯಾರೋ ಹೇಳಿದರು.

ಬಾಣಂತನದ ಆ ದಿನಗಳಲ್ಲಿ ನಾನು ಎಳೆಬಿಸಿಲಿಗೆ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿರುತ್ತಿದ್ದೆ. ಒಂದು ದಿನ ತಮ್ಮ ಬಂದು ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತ. ಮಗುವನ್ನು ನೋಡದೆ, ನೆಲದ ಮೇಲೆ ಕಡ್ಡಿಯಲ್ಲಿ ಗೀಚುತ್ತಾ, "ಬಾವ ಏನಂತಾರೆ?" ಎಂದು ಕೇಳಿದ.

"ಆಕ್ಬ್ಯಾಡ ಅಂದೆ ಅಂತಾರೆ," ಎಂದೆ. ಬೇರೆ ಏನು ಹೇಳಲಿ?

"ಅಂದಿರ್ಬೋದು ಕಣಕ್ಕ. ಅವ್ರು ಸುಳ್ಳೇಳೋರಲ್ಲ. ನಂಗ್ ಕೇಳುಸ್ದುದ್ದು ಆಕು ಅನ್ನೋದೊಂದೇ. ನಾನೂ ಸುಳ್ಳೇಳ್ತಿಲ್ಲ." ಕಡ್ಡಿ ಮುರಿಯಿತು. "ಅವ್ರು ಬಂದು ಕಪಾಳಕ್ಕೆ ಎರಡು ಬುಟ್ಟಿದ್ರೆ ನಾ ಇಂಗಾಗ್ತಿರ್ಲಿಲ್ಲ. ಆಸ್ಪತ್ರೇಲಿ ಅಷ್ಟು ನೋವಲ್ಲೂ ನನ್ ಎಸ್ರು ಏಳ್ಲಿಲ್ಲ ನೋಡು, ಅದೇ ತಡ್ಯಕಾಗಾಕಿಲ್ಲ."

ನಾನು ಮಗುವಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಇಬ್ಬರೂ ಅಳುತ್ತಿದ್ದೆವು.

ವರ್ಷ ತುಂಬುವ ಮುಂಚೆ ಮಗಳ ಮುಡಿ ತೆಗೆಸಬೇಕೆಂದು ಅತ್ತೆ ಹೇಳಿಕಳಿಸಿದರು. ಚಿಕ್ಕರಸಿನಕೆರೆಯ ದೇವರಿಗೆ ಅವರ ಮನೆಯವರು ಒಕ್ಕಲು. ನಮ್ಮಲ್ಲಿ ಮೊದಲ ಮುಡಿ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಮಗುವಿಗೆ ಇದ್ದವನು ಒಬ್ಬನೇ ಸೋದರಮಾವ. ನೆಂಟರು ದೂರದ ಸಂಬಂಧದ ಇನ್ನೊಬ್ಬ ತಮ್ಮನನ್ನು ಕೂರಿಸೋಣ ಎಂದರು. ನನ್ನ ತಮ್ಮನ ಬದಲು ಬೇರೆಯವರು ಕೂತರೆ ಊರೆಲ್ಲ ಏನಂದುಕೊಳ್ಳುತ್ತದೋ ಎಂದು ನಾನು ಹೆದರಿದ್ದೆ, ಅವನೇ ಕೂತರೆ ಏನಾಗುತ್ತದೋ ಎಂದೂ ಹೆದರಿದ್ದೆ. ಯಜಮಾನರು ಪೇಪರ್ ಓದುತ್ತಿದ್ದವರು, "ಅವ್ನೇ ಕೂರ್ಬೇಕು. ಅವ್ನ್ ಬರ್ದಿದ್ರೆ ಮುಡಿ ಬ್ಯಾಡ," ಎಂದರು. ಮಗಳು ಹುಟ್ಟಿದ ಮೇಲೆ ಅವನ ಬಗ್ಗೆ ಅವರು ಆಡಿದ ಮೊದಲ ಮಾತು ಅದು.

ಅವನು ಬಂದ. ಅವ್ವನ ಹಿಂದೆ, ಹೊಸ ಪಂಚೆ ಉಟ್ಟುಕೊಂಡು, ಯಾರ ಮುಖವನ್ನೂ ನೋಡದೆ. ಯಜಮಾನರು ಅವತ್ತು ರಬ್ಬರ್ ಕೈ ಹಾಕಿಕೊಂಡಿದ್ದರು. ಯಾವುದೋ ಶಿಬಿರದಲ್ಲಿ ಕೊಟ್ಟದ್ದು. ಮನೆಯಲ್ಲಿ ಬೀರುವಿನೊಳಗೇ ಇರುತ್ತಿತ್ತು. ಅದರ ಬಣ್ಣ ಅವರ ಬಣ್ಣಕ್ಕಿಂತ ಬಿಳುಪು. ತುಂಬುತೋಳಿನ ಶರ್ಟು ಹಾಕಿ ಅದರ ತುದಿ ಮಾತ್ರ ಕಾಣುವ ಹಾಗೆ ಮಾಡಿಕೊಂಡಿದ್ದರು. ತಮ್ಮ ಒಂದು ಸಲ ಆ ಬೆರಳುಗಳನ್ನು ನೋಡಿದ, ಮತ್ತೆ ಆ ಕಡೆ ನೋಡಲಿಲ್ಲ.

ಗುಡಿಯ ಪಕ್ಕದ ಮರದಡಿ ಅವನನ್ನು ಕೂರಿಸಿ ಮಗಳನ್ನು ತೊಡೆಯ ಮೇಲೆ ಇಟ್ಟೆವು. ಅವಳು ಅವನ ಮೂಗು ಹಿಡಿದು ನಕ್ಕಳು. ಮುಡಿ ತೆಗೆಯುವವರು ತಲೆಗೆ ನೀರು ಸವರಿ ಕತ್ತಿ ಎತ್ತಿದರು. ನೀರು ತಣ್ಣಗಿತ್ತೇನೋ, ಮಗಳು ಕಿರುಚಿದಳು. ಆ ಕಿರುಚಿಗೆ ತಮ್ಮನ ಕೈ ನಡುಗತೊಡಗಿತು. ಮಗುವಿನ ತಲೆಯೂ ಅದರ ಜೊತೆ ಅಲುಗುತ್ತಿತ್ತು. "ಗಟ್ಯಾಗಿ ಇಡ್ಕಳಪ್ಪ, ಕತ್ತಿ ಐತೆ," ಎಂದರು ಮುಡಿ ತೆಗೆಯುವವರು. ಅವನು ಹಿಡಿದಷ್ಟೂ ನಡುಕ ಹೆಚ್ಚಾಯಿತು. "ಆಗಾಕಿಲ್ಲ ಅಕ್ಕ. ತಗಳಿ, ಯಾರಾದ್ರೂ ತಗಳಿ," ಎಂದು ಮಗುವನ್ನು ಎತ್ತಿ ಎದುರಿಗೆ ಚಾಚಿದ. ನೆಂಟರ ಗುಂಪಿನಲ್ಲಿ ಗುಸುಗುಸು ಶುರುವಾಯಿತು.

ಯಜಮಾನರು ಶರ್ಟಿನ ತೋಳು ಮಡಿಸಿ ರಬ್ಬರ್ ಕೈಯನ್ನು ಎಳೆದು ತೆಗೆದು ನನ್ನ ಕೈಗಿತ್ತರು. ಎಲ್ಲರೂ ನೋಡುತ್ತಿದ್ದರು. ನಾನು ಅದನ್ನು ಸೆರಗಿನೊಳಗೆ ಸೇರಿಸಿಕೊಂಡೆ. ಅವರು ತಮ್ಮನ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು, "ನೀ ಏಳ್ಬ್ಯಾಡ, ಕುಂತಿರು," ಎಂದು ಅವನಿಗೆ ಹೇಳಿ ಮಗಳನ್ನು ತಮ್ಮದೇ ತೊಡೆಗೆ ತೆಗೆದುಕೊಂಡರು. ಮೊಂಡುಗೈಯನ್ನು ಅವಳ ಎದೆಯ ಸುತ್ತ ಹಾಕಿ ಒತ್ತಿಕೊಂಡರು. ಎಡಗೈಯಲ್ಲಿ ಗಲ್ಲ ಹಿಡಿದರು. ಹುಟ್ಟಿದಾಗಿನಿಂದ ಅವರು ಅವಳನ್ನು ಹಾಗೆ ಹಿಡಿದದ್ದು ಅದೇ ಮೊದಲು. ಕೂದಲು ಉದುರಿತು. ತಮ್ಮ ಪಕ್ಕದಲ್ಲಿ ತಲೆ ತಗ್ಗಿಸಿ, ಎರಡೂ ಕೈಯನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡು ಕೂತೇ ಇದ್ದ.

ಊಟಕ್ಕೆ ಎಲೆ ಹಾಕುವಾಗ ಅವರಿಬ್ಬರೂ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಗುಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಕಂಬದ ಈಚೆಗೇ ನಿಂತೆ.

"ಅವತ್ತು ನಿಂಗೆ ಏನ್ ಕೇಳುಸ್ತು, ಯೋಳು," ಎಂದರು ಯಜಮಾನರು.

"ಆಕು ಅಂತ ಕೇಳುಸ್ತು ಬಾವ."

"ನಾ ಆಕ್ಬ್ಯಾಡ ಅಂದೆ."

"ಊಂ."

"ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣ್ಲಾ. ಸಿಟ್ ಬರ್ಸ್ಕಳಣ ಅಂತ ಬಾಳ ಸತಿ ನೋಡ್ದೆ, ಬರ್ಲಿಲ್ಲ. ಆದ್ರೆ ನಿನ್ ದನಿ ಕೇಳುದ್ರೆ, ಆ ಡ್ರಮ್ಮಿನ್ ಸದ್ದು ಕೇಳುಸ್ತದೆ. ಏನ್ ಮಾಡ್ಲಿ?"

ತಮ್ಮ ಎದ್ದು, ಅವರ ಚಪ್ಪಲಿಯನ್ನು ಅವರ ಕಾಲ ಹತ್ತಿರ ಸರಿಮಾಡಿ ಇಟ್ಟು, ಊಟ ಮಾಡದೆ ಬಸ್ಸಿನ ಕಡೆ ನಡೆದ. ನಾನು ಕೂಗಲು ಬಾಯಿ ತೆರೆದೆ. ಕೂಗಿದರೆ ಬೆಚ್ಚುತ್ತಾನೆ ಎಂದು ನೆನಪಾಗಿ ಸುಮ್ಮನಾದೆ.

ಅದಾದ ಮೇಲೆ ಸರಿಹೋಗುತ್ತದೆ ಎಂದು ಅವ್ವನೂ ನಾನೂ ಅಂದುಕೊಂಡಿದ್ದೆವು. ಸರಿಹೋಗಲಿಲ್ಲ.

ಓನರ್ ಯಜಮಾನರನ್ನು ಕೆಲವು ಕಾಲ ಮಿಲ್ಲಿನ ಗೇಟಿನಲ್ಲಿ ಕೂರಿಸಿದರು. ಫಿಟ್ಟರ್ ಕೆಲಸಕ್ಕೆ ಹೊಸಬರು ಬಂದಿದ್ದರು. ಹಲ್ಲು ಬದಲಿಸುವಾಗ ಅಲ್ಲಿ ಆಗಲೂ ಕೂಗಿಯೇ ಸ್ವಿಚ್ ಹಾಕಿಸುತ್ತಿದ್ದರು. ಗೇಟಿನಲ್ಲಿ ಕೂತವರಿಗೆ ಆ ಕೂಗು ಕೇಳಿಸುತ್ತಿತ್ತು. ಅವರು ತಾವೇ ಒಂದು ಬೀಗ ತಂದು, ರಿಪೇರಿ ಮಾಡುವಾಗ ಸ್ವಿಚ್ಚಿನ ಪೆಟ್ಟಿಗೆಗೆ ಇದನ್ನು ಹಾಕಿ, ಬೀಗದ ಕೈಯನ್ನು ನಿನ್ನ ಜೇಬಲ್ಲಿ ಇಟ್ಟುಕೋ ಎಂದು ಹೊಸ ಫಿಟ್ಟರಿಗೆ ಕೊಟ್ಟರು. ಕೆಲವು ದಿನ ಹಾಕಿದರು. ಆಮೇಲೆ ಸಾಲು ಸಾಲಿಗೂ ಬೀಗ ತೆಗೆದು ಹಾಕುವಷ್ಟು ಹೊತ್ತಿಲ್ಲವೆಂದು ಓನರ್ ಬಿಡಿಸಿದರಂತೆ. ಒಂದು ಸಂಜೆ ಯಜಮಾನರು ಆ ಬೀಗವನ್ನು ಜೇಬಿನಲ್ಲಿ ಹಾಕಿಕೊಂಡು ಮನೆಗೆ ಬಂದರು. ಮರುದಿನದಿಂದ ಮಿಲ್ಲಿಗೆ ಹೋಗಲಿಲ್ಲ. ಈಗ ಮದ್ದೂರು ಪೇಟೆಯಲ್ಲಿ ಪರಿಚಯದವರ ಬೋಲ್ಟು ನಟ್ಟಿನ ಅಂಗಡಿಯಲ್ಲಿ ಕೂರುತ್ತಾರೆ. ಎಡಗೈ ಬಹಳಷ್ಟು ಕಲಿತಿದೆ. ಮನೆಯಲ್ಲಿ ನಾವಷ್ಟೇ ಇದ್ದಾಗ ಮುದ್ದೆಯನ್ನೂ ಉಣ್ಣುತ್ತಾರೆ. ಮದುವೆ, ಬೀಗರೂಟ ಎಂದರೆ ಮಾತ್ರ ಮುಯ್ಯಿ ಕೊಟ್ಟು ಬಂದುಬಿಡುತ್ತಾರೆ, ಪಂಕ್ತಿಗೆ ಕೂರುವುದಿಲ್ಲ. ಒಂದು ಸಲ ಕೂತಿದ್ದರಂತೆ. ಪಕ್ಕದಲ್ಲಿದ್ದ ಹಿರಿಯರು ತಿಳಿಯದೆ, "ಬಲಗೈಲಿ ಉಣ್ಣಪ್ಪ" ಎಂದರಂತೆ.

ತಮ್ಮ ಪೂರಿಗಾಲಿಯಲ್ಲೇ ಇದ್ದಾನೆ. ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಿದೆವು, ಮಾತ್ರೆ ತೆಗೆದುಕೊಂಡಾಗ ನಡುಕ ಕಡಿಮೆ ಇರುತ್ತದೆ. ಹೆಣ್ಣು ನೋಡಲು ಒಪ್ಪುವುದಿಲ್ಲ. ಗದ್ದೆಯ ಕೆಲಸದಲ್ಲಿ ಅವನಿಗೆ ಯಾರೂ ಸಾಟಿಯಿಲ್ಲ ಎನ್ನುತ್ತಾಳೆ ಅವ್ವ. ಯಂತ್ರ ಬಂದರೆ ಮಾತ್ರ ಬದುವಿನಾಚೆ ಹೋಗಿ ನಿಲ್ಲುತ್ತಾನೆ.

ಮಗಳಿಗೆ ಈಗ ಆರು ವರ್ಷ, ಒಂದನೆಯ ಕ್ಲಾಸು. ರಜೆ ಬಂತೆಂದರೆ ಅಜ್ಜಿಯ ಮನೆಗೆ ಹೋಗಬೇಕು ಅವಳಿಗೆ. ಅವಳ ಅಪ್ಪ ಪೂರಿಗಾಲಿಗೆ ಹೋಗುವುದಿಲ್ಲ, ಅವಳ ಮಾವ ಮದ್ದೂರಿಗೆ ಬರುವುದಿಲ್ಲ. ಇವರು ಅವಳನ್ನು ಮಳವಳ್ಳಿಯ ತನಕ ಕರೆದುಕೊಂಡು ಹೋಗುತ್ತಾರೆ. ಅವನು ಮಳವಳ್ಳಿಯ ತನಕ ಬರುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಮಗುವನ್ನೂ ಬ್ಯಾಗನ್ನೂ ಕೊಟ್ಟು, ಇಬ್ಬರೂ ಟೀ ಕುಡಿದು, ಇವರು ಈ ಬಸ್ಸು ಅವನು ಆ ಬಸ್ಸು. ಇದನ್ನು ಹೀಗೆ ಮಾಡೋಣ ಎಂದು ಯಾರೂ ಕೂತು ಮಾತಾಡಿದ್ದಲ್ಲ. ತಾನಾಗಿ ಹಾಗೆ ಆಯಿತು.

ಹೋದ ಬೇಸಿಗೆಯಲ್ಲಿ ಪೂರಿಗಾಲಿಯ ಬಸ್ಸು 'ಕೆಟ್ಟು ನಿಂತಿದೆ' ಎಂದು ಮಧ್ಯಾಹ್ನವೆಲ್ಲ ಬರಲಿಲ್ಲವಂತೆ. ಮದ್ದೂರಿಗೆ ಎಷ್ಟೋ ಬಸ್ಸು ಬಂದು ಹೋದವು, ಇವರು ಹತ್ತಲಿಲ್ಲ. ಮೂವರೂ ಒಂದೇ ಬೆಂಚಿನ ಮೇಲೆ ಸಂಜೆಯ ತನಕ ಕೂತಿದ್ದರಂತೆ. ಮಗಳು ಊರಿಂದ ಬಂದ ಮೇಲೆ ಕೇಳಿದೆ, "ಅಪ್ಪ, ಮಾವ ಏನು ಮಾತಾಡ್ಕೊಂಡ್ರು?"

ಅವಳು ಯೋಚನೆ ಮಾಡಿದಳು. "ಬಸ್ ಬಂತಾ ನೋಡು ಅಂತ ಅಪ್ಪ ಅಂದ್ರು. ಇಲ್ಲ ಬಾವ ಅಂತ ಮಾವ ಅಂದ್ರು. ಆಮೇಲೆ ನಂಗೆ ಬನ್ನು ಕೊಡಿಸಿದ್ರು."

ಅವತ್ತು ಮಳವಳ್ಳಿಯಿಂದ ಮನೆಗೆ ಬಂದ ಯಜಮಾನರು ಕಾಲು ತೊಳೆದು ಬಂದು ಕೂತು, "ಬಾಳ ಬಡ್ಕಲಾಗವ್ನೆ," ಎಂದಿದ್ದರು. ಇನ್ನೇನಾದರೂ ಹೇಳುತ್ತಾರೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ಪೇಪರನ್ನು ಮೊಣಕಾಲ ಮೇಲೆ ಹರಡಿ, ಗಾಳಿಗೆ ಹಾರದಂತೆ ಮೊಂಡುಗೈಯಿಂದ ಒತ್ತಿ ಹಿಡಿದು ಓದತೊಡಗಿದರು.